ಚೆಂಡಾಟಕ್ಕೊಂದು ಕೋಣಿ, ಜೋಕಾಲಿಗೊಂದು ದಿನ

ಅಕ್ಕಾವ್ರೆ, ವೈನಿಗಳೆ, ತಂಗೇರೆ, ನಮ್ಮ ಕಡಿ ಹಳೇ ಮನಿಗಳನ್ನ ಸ್ವಲ್ಪ ನೆಪ್ಪ ಮಾಡ್ಕೊಳ್ರಿ. ತಲಬಾಗಲ, ಕಟ್ಟಿ, ಪಡಸಾಲಿ, ನಡಮನಿ, ಅಡಗಿಮನಿ, ದೇವರಮನಿ, ಬಚ್ಚಲ, ದನದ ಕೊಟ್ಟಗಿ, ಮ್ಯಾಲ ಮಾಳಿಗಿ, ನೆಲದ ಒಳಗ ಜ್ವಾಳ ತುಂಬೋ ಹಗೇವು. ಹಡದಾಕಿ ಮಲಗಲಿಕ್ಕೆ ಬಾಣಂತಿ ಕೋಣಿ. ಯಾವ ಕೆಲಸಕ್ಕ ಯಾವ ಜಾಗ ಅಂತ ಹೆಸರು ಹೇಳಿದ ಕೂಡ್ಲೆ ತಿಳೀತಿತ್ತು. ಆದ್ರ ಆಡಲಿಕ್ಕೆ ಅಂತ ಒಂದು ಕೋಣಿ ಇತ್ತೇನು? ಅದಕ್ಕೊಂದು ಹೆಸರು ಇತ್ತೇನು? ನನಗಂತೂ ನೆಪ್ಪಾಗವಲ್ದು.

ಎರಡು ಸಾವಿರ ವರ್ಷದ ಹಿಂದ ರೋಮಿನ ಸಾವ್ಕಾರ್ರ ಮನ್ಯಾಗ ಅಂಥಾ ಕೋಣಿ ಇತ್ತು. ಅದಕ್ಕ ಅವರು ಸ್ಫೇರಿಸ್ಟೀರಿಯಂ ಅಂತಿದ್ರು. ನಾಲಿಗಿ ತಿರುಗೂದು ಸ್ವಲ್ಪ ಕಷ್ಟ, ಅರ್ಥ ಮಾತ್ರ ಸರಳ ಅದ. ಗ್ರೀಕ್ ಮಾತಿನ್ಯಾಗ ಸ್ಫೈರಾ ಅಂದ್ರ ಚೆಂಡು. ಸ್ಫೇರಿಸ್ಟೀರಿಯಂ ಅಂದ್ರ ಚೆಂಡಾಡೋ ಮನಿ. ಈಗ ಈ ಶಬ್ದ ಯಾರ ಬಾಯಾಗೂ ಇಲ್ಲ. ಹಳೇ ಪತ್ರದಾಗ, ಹಳೇ ಚರಿತ್ರಿ ಪುಸ್ತಕದಾಗ ಅಲ್ಲೊಂದು ಇಲ್ಲೊಂದು ಕಾಣ್ತದ, ಅಷ್ಟ.

ಆ ಪತ್ರ ಬರದವನ ಹೆಸರು ಪ್ಲಿನಿ. ದೊಡ್ಡ ವಕೀಲ, ದೊಡ್ಡ ಅಧಿಕಾರಿ. ಅವನಿಗಿದ್ದ ಮನಿಗಳೊಳಗ ಒಂದು ಸಮುದ್ರ ದಂಡಿಗೆ, ಲಾರೆಂಟಂ ಹತ್ರ. ಇನ್ನೊಂದು ಗುಡ್ಡದ ಸೀಮಿ ಟಸ್ಕನಿಯೊಳಗ. ನಮ್ಮ ಹೆಣ್ಮಕ್ಕಳು ಹೊಸಾ ಮನಿ ಕಟ್ಟಿಸಿದ ಮ್ಯಾಲ ಬೀಗರಿಗೆ ಒಂದೊಂದ ಕೋಣಿ ತೋರಿಸ್ತೀವಲ್ಲ, ಹಂಗ ಅವನು ಗೆಳ್ಯಾರಿಗೆ ಈ ಎರಡೂ ಮನಿ ಪತ್ರದಾಗ ತೋರಿಸ್ಯಾನ. ಇಲ್ಲಿ ಜಳಕದ ಕೋಣಿ, ಇಲ್ಲಿ ಬಿಸಿನೀರಿನ ಕೊಳ, ಅದರೊಳಗ ಈಜಾಡ್ಕೋತ ಸಮುದ್ರ ನೋಡಬಹುದು, ಅಲ್ಲೇ ಹತ್ರ ಚೆಂಡಾಡೋ ಜಾಗ, ಸಂಜಿ ಮುಂದಿನ ಸುಡೋ ಬಿಸಲು ಅಲ್ಲಿಗೆ ಬೀಳ್ತದ ಅಂತಾನ. ಟಸ್ಕನಿ ಮನ್ಯಾಗ ಅದು ಜಳಕಕ್ಕ ಹೋಗೂ ಮುಂದ ಅರಿವಿ ಬಿಚ್ಚಿಡೋ ಕೋಣಿ ಮ್ಯಾಲ ಇತ್ತು. ಎಷ್ಟ ದೊಡ್ಡದಂದ್ರ, ಬ್ಯಾರೆ ಬ್ಯಾರೆ ಆಟದ ಗುಂಪು ಒಮ್ಮೆಗೇ ಅದರೊಳಗ ಆಡಬಹುದಿತ್ತು.

ಕಾಲದ ಅಂದಾಜು ಸಿಗಲಿ ಅಂತ ಹೇಳ್ತೀನಿ. ಪ್ಲಿನಿ ಇದ್ದದ್ದು ಒಂದನೇ ಶತಮಾನದ ಕೊನಿ, ಎರಡನೇ ಶತಮಾನದ ಸುರು. ಅವಾಗ ನಮ್ಮ ಭೀಮಾ ದಂಡಿಗೆ ಸನ್ನತಿ, ಕನಗನಹಳ್ಳಿ ಕಡಿ ಶಾತವಾಹನರ ಕಾಲದ ಬೌದ್ಧ ಸ್ತೂಪ ಇತ್ತು. ನಾವು ಚಂದ್ರಲಾ ಪರಮೇಶ್ವರಿಗೆ ನಡಕೊಳ್ಳೋ ಅದೇ ಸನ್ನತಿ.

ರೋಮಿನವರ ಚೆಂಡಿನ್ಯಾಗೂ ಜಾತಿ ಇದ್ವು. ಕೂದಲ ತುಂಬಿ ಹೊಲದ ಗಟ್ಟಿ ಚೆಂಡು, ಪುಕ್ಕ ತುಂಬಿದ ಚೆಂಡು, ಗಾಳಿ ತುಂಬಿದ ದೊಡ್ಡ ಚೆಂಡು. ಮೂರು ಮಂದಿ ಮೂರು ಮೂಲಿಗೆ ನಿಂತು ಒಗಿಯೋ ಆಟ ಒಂದು, ಒಬ್ಬರ ಕೈಯಾಗಿಂದ ಒಬ್ಬರು ಕಸಕೊಳ್ಳೋ ಆಟ ಇನ್ನೊಂದು. ಇದು ಬರೇ ಹುಡುಗರ ಆಟ ಅಲ್ಲ. ಜಳಕಕ್ಕ ಮೊದಲ ಮೈ ಬೆವರಬೇಕು ಅಂತ ದೊಡ್ಡವರೂ ಆಡ್ತಿದ್ರು. ವೆಸ್ಪೇಸಿಯನ್ ಅಂತ ಒಬ್ಬ ಚಕ್ರವರ್ತಿ, 69ರಿಂದ 79ರ ತನಕ ಆಳಿದವ, ಇಂಥಾ ಚೆಂಡಿನ ಮನ್ಯಾಗ ನಿಂತು ಕೈಕಾಲು, ಗಂಟಲು ಇಷ್ಟ ಸಲ ಅಂತ ಲೆಕ್ಕ ಹಿಡದು ತಿಕ್ಕೊಳ್ತಿದ್ದ. ತಿಂಗಳಿಗೆ ಒಂದು ದಿನ ಉಪಾಸನೂ ಮಾಡ್ತಿದ್ದ. ಆರೋಗ್ಯಕ್ಕ ಅಂತ ಅವನು ಅದಕ್ಕಿಂತ ಹೆಚ್ಚಿಗೆ ಏನೂ ಮಾಡ್ಲಿಲ್ಲ ಅಂತ ಬರದಾರ. ಏಕಾದಶಿ, ಸೋಮವಾರ ಹಿಡಿಯೋ ನಮ್ಮ ಅತ್ತಿಗಳಿಗೆ ಇದು ಕೇಳಿದ್ರ ನಗು ಬಂದೀತು.

ಪ್ಲಿನಿ ಇನ್ನೊಂದು ಪತ್ರದಾಗ ಸ್ಪುರಿನ್ನಾ ಅನ್ನೋ ಮುದುಕನ ದಿನಚರಿ ಹೇಳ್ಯಾನ. ವಯಸ್ಸು 77 ದಾಟ್ಯಾದ. ಮುಂಜಾನೆ ಎದ್ದು ಮೂರು ಮೈಲಿ ನಡೀತಾನ. ಮಧ್ಯಾಹ್ನ ಗಾಳಿ ಇಲ್ಲದಿದ್ರ ಬಿಸಲಾಗ ಅಡ್ಡಾಡ್ತಾನ. ಆಮ್ಯಾಲ ಚೆಂಡು ಹಿಡದು ಜೋರಾಗಿ, ಭಾಳ ಹೊತ್ತು ಆಡ್ತಾನ. ಮುಪ್ಪಿನ ಜೋಡಿ ಅವನು ಜಗಳ ಆಡೋ ರೀತಿ ಅದು ಅಂತಾನ ಪ್ಲಿನಿ. ನಾ ಇದನ್ನ ಓದಿದಾಗ ಅಂದ್ಕೊಂಡೆ, 77ರ ಗಂಡಸು ಚೆಂಡು ಆಡಿದ್ರ ಅವನ ಮಂದಿ ಅದನ್ನ ಹೊಗಳಿ ಪತ್ರದಾಗ ಬರೀತಾರ. ನಮ್ಮ ಓಣ್ಯಾಗ 60ರ ಹೆಣ್ಮಗಳು ಜೋಕಾಲಿ ಏರಿದ್ರ ಏನಂತಾರ?

ಈಗ ನಮ್ಮ ಕಡಿಗೆ ಬರೂಣು. ನಮ್ಮ ಸೀಮ್ಯಾಗೂ ಚೆಂಡಾಟಕ್ಕ ಅಂತ ಕಟ್ಟಿಸಿದ ಜಾಗ ಇತ್ತು, ಅದಕ್ಕೊಂದು ಚಂದದ ಹೆಸರೂ ಇತ್ತು. ಕಲ್ಯಾಣ ಅಂದ್ರ ನಮಗ ಬಸವಣ್ಣನವರು, ಅನುಭವ ಮಂಟಪ ನೆಪ್ಪಾಗ್ತದ. ಅದಕ್ಕಿಂತ ಸ್ವಲ್ಪ ಮೊದಲ ಅದು ಚಾಲುಕ್ಯರ ರಾಜಧಾನಿ. ನಮ್ಮ ಸುರಪುರ ತಾಲೂಕಿನ ಏವೂರಾಗ ಚಾಲುಕ್ಯರ ವಂಶಾವಳಿ ಹೇಳೋ ಒಂದು ಶಾಸನ ಅದ, 1077ರದು, ಆರನೇ ವಿಕ್ರಮಾದಿತ್ಯನ ಕಾಲದ್ದು. ಆ ವಿಕ್ರಮಾದಿತ್ಯನ ಮಗನೇ ಮೂರನೇ ಸೋಮೇಶ್ವರ. 1126ರಾಗ ಪಟ್ಟಕ್ಕ ಬಂದ. ಯುದ್ಧಕ್ಕಿಂತ ಓದು, ಬರಹ, ಊಟ, ಆಟ ಇವನಿಗೆ ಹೆಚ್ಚು ಹಿಡಸ್ತಿದ್ವು ಅಂತ ಕಾಣ್ತದ. 1129ರ ಸುಮಾರಿಗೆ ಸಂಸ್ಕೃತದಾಗ ಮಾನಸೋಲ್ಲಾಸ ಅಂತ ದೊಡ್ಡ ಗ್ರಂಥ ಮಾಡ್ದ. ಐದು ಭಾಗ, ಒಂದೊಂದರಾಗ 20 ಅಧ್ಯಾಯ, ಎಲ್ಲಾ ಕೂಡಿ 100. ಇಡ್ಲಿ, ವಡಿ, ಹೂರಣದ ಹೋಳಿಗಿ ಇವುಗಳ ಹಳೇ ಸುದ್ದಿ ಹುಡುಕೋರು ಮೊದಲ ಈ ಪುಸ್ತಕಾನ ತಗೀತಾರ.

ಆ ಪುಸ್ತಕದಾಗ ವಾಹ್ಯಾಳಿ ಅನ್ನೋ ಶಬ್ದ ಬರ್ತದ. ಹಳೆಗನ್ನಡದಾಗ ವೈಹಾಳಿ, ವಯ್ಯಾಳಿ ಅಂತಾನೂ ಅದೇ ಶಬ್ದ ಕಾಣ್ತದ. ಕುದುರಿ ಓಡಸಲಿಕ್ಕೆ, ಪಳಗಿಸಲಿಕ್ಕೆ ಅಂತ ಹಸನ ಮಾಡಿದ ಬಯಲದು. ಕಲ್ಲು ಆರಿಸಿ, ತೆಗ್ಗು ತುಂಬಿ, ಸಪಾಟ ಮಾಡಿದ ಮೈದಾನ. ಆನೀಗೊಂದು ವಾಹ್ಯಾಳಿ, ಕುದುರಿಗೊಂದು ವಾಹ್ಯಾಳಿ. ಕುದುರಿ ವಾಹ್ಯಾಳ್ಯಾಗ ಚೆಂಡಾಟ ನಡೀತಿತ್ತು. ಎರಡು ಕಡಿ ತೋರಣದ ಬಾಗಿಲ. ಮರದ ಚೆಂಡಿಗೆ ತೊಗಲು ಹೊದಿಸಿದ್ದು. ಕೈಯಾಗ ತುದಿ ಬಾಗಿದ ಬೆತ್ತದ ಕೋಲು. ಎರಡು ಪಂಗಡ ಕುದುರಿ ಏರಿ ಬಂದು, ಚೆಂಡು ಹೊಡಕೋತ ತೋರಣ ದಾಟಿಸಬೇಕು. ದಾಟಿಸಿದವರು ಗೆದ್ದಂಗ. ಈಗ ಟಿವ್ಯಾಗ ಪೋಲೋ ಅಂತ ತೋರಸ್ತಾರಲ್ಲ, ಅದರ ಅಣ್ಣ. ಮುಂದ ಸುಲ್ತಾನರ ಕಾಲಕ್ಕ ಇಂಥಾದಕ್ಕೇ ಚೌಗಾನ್ ಅಂತ ಪಾರ್ಸಿ ಹೆಸರು ಬಂತು.

ಪ್ಲಿನಿಯ ಕೋಣಿ, ಸೋಮೇಶ್ವರನ ಬಯಲು ಎರಡನ್ನೂ ಬಾಜೂಕ ಬಾಜೂಕ ಇಟ್ಟು ನೋಡ್ರಿ. ಎರಡಕ್ಕೂ ಹೆಸರು ಅದ, ಕಟ್ಟಿದ ಜಾಗ ಅದ, ಬರದಿಟ್ಟ ಲೆಕ್ಕ ಅದ. ಯಾಕಂದ್ರ ಎರಡೂ ಉಳ್ಳವರ ಜಾಗ, ಗಂಡಸರ ಜಾಗ. ಗರಡಿಮನಿನೂ ಹಂಗ. ಕೆಂಪು ಮಣ್ಣು ಹಾಕಿದ ಆ ಮನಿಗೆ ಊರಾಗ ಇವತ್ತೂ ಹೆಸರದ, ಹನುಮಪ್ಪನ ಪೂಜಿ ಅದ. ನಮ್ಮ ಹೆಣ್ಮಕ್ಕಳು ಅದರ ಹೊಸ್ತಲ ದಾಟಿದ್ದನ್ನ ನಾ ಕಂಡಿಲ್ಲ.

ಹಂಗಾದ್ರ ಹೆಣ್ಮಕ್ಕಳು ಚೆಂಡು ಆಡ್ಲಿಲ್ಲೇನು? ಆಡ್ಯಾರ. ಸಿಸಿಲಿ ದ್ವೀಪದಾಗ, ಪಿಯಾತ್ಸಾ ಆರ್ಮೆರೀನಾ ಊರಿನ ಹತ್ರ ಒಂದು ದೊಡ್ಡ ರೋಮನ್ ಮನಿ ನೆಲದಾಗ ಹೂತು ಸಿಕ್ಕದ. ನಾಲ್ಕನೇ ಶತಮಾನದ್ದು. ಅದರ ಒಂದು ಕೋಣಿ ನೆಲಕ್ಕ ಸಣ್ಣ ಸಣ್ಣ ಬಣ್ಣದ ಕಲ್ಲು ಕೂಡಿಸಿ ಚಿತ್ರ ಮಾಡ್ಯಾರ. ಓಡೋ ಹುಡುಗಿ, ತೂಕದ ಗುಂಡು ಹಿಡದ ಹುಡುಗಿ, ಗೆದ್ದು ಕಿರೀಟ ಹಾಕ್ಕೊಂಡ ಹುಡುಗಿ. ಇಬ್ಬರು ಹುಡುಗ್ಯಾರು ಎದರಾ ಬದರಾ ನಿಂತು ಬಣ್ಣದ ಚೆಂಡು ಒಗದಾಡ್ತಾರ. ನೋಡಿದ್ರ ನಿನ್ನಿ ತಗದ ಫೋಟೋ ಅನ್ನಬೇಕು.

ನಮ್ಮ ದೇಶದ ಕಥಿನೂ ಅದ. ದಂಡಿ ಅಂತ ಸಂಸ್ಕೃತ ಕವಿ ಬರದ ದಶಕುಮಾರಚರಿತದಾಗ ಒಬ್ಬ ರಾಜನ ಮಗಳು ಬರ್ತಾಳ. ಅವಳ ಹೆಸರೇ ಕಂದುಕಾವತಿ, ಅಂದ್ರ ಚೆಂಡಿನಾಕಿ. ಮಕ್ಕಳಿಲ್ಲದ ರಾಜನಿಗೆ ವಿಂಧ್ಯವಾಸಿನಿ ದೇವಿ ಕನಸಿನ್ಯಾಗ ಬಂದು ಮಕ್ಕಳ ವರ ಕೊಟ್ಟು ಒಂದು ಮಾತು ಹೇಳ್ತಾಳ. ಮಗಳಿಗೆ ಏಳು ವರ್ಷ ಆದಾಗಿಂದ ಮದುವಿ ಆಗೋ ತನಕ, ಪ್ರತಿ ತಿಂಗಳು ಕೃತ್ತಿಕಾ ನಕ್ಷತ್ರದ ದಿನ ಚೆಂಡಿನ ಕುಣಿತದಿಂದ ನನ್ನ ಪೂಜಿ ಮಾಡಲಿ, ಒಳ್ಳೇ ಗಂಡ ಸಿಗ್ತಾನ ಅಂತ. ಅದಕ್ಕ ಕಂದುಕೋತ್ಸವ ಅಂತ ಹೆಸರು. ಊರ ಮಂದಿ ಎಲ್ಲಾ ನೋಡಲಿಕ್ಕೆ ಬರ್ತಾರ. ಅವಳು ಚೆಂಡು ನೆಲಕ್ಕ ಬಡದು, ಮ್ಯಾಲ ಹಾರಿಸಿ, ಎಡಗೈ ಬಲಗೈ ಅಂತ ಹಿಡದು, ತಿರಗಿ ಆಡ್ತಾಳ.

ಕಥಿ ಛಲೋ ಅದ. ನನ್ನ ಮನಸ್ಸು ಮಾತ್ರ ಒಂದು ಮಾತಿನ್ಯಾಗ ಸಿಕ್ಕೊಂಡದ. "ಮದುವಿ ಆಗೋ ತನಕ." ಆಟದ ಗಡುವು ಅಲ್ಲೇ ಬರದಾರ. ದಂಡಿ ಕಾಲದಾಗೂ ಅಷ್ಟ, ನಮ್ಮ ಕಾಲದಾಗೂ ಅಷ್ಟ. ನಮ್ಮ ಓಣ್ಯಾಗ ಲಗೋರಿ ಆಡ್ತಿದ್ದ ಹುಡುಗ್ಯಾರೊಳಗ ಒಬ್ಬಾಕಿ ದೊಡ್ಡಾಕಿ ಆದ ಮರುದಿನದಿಂದ ಹೊರಗ ಬರೂದು ಬಿಟ್ಟಳು. ಅವಳ ಜಾಗಕ್ಕ ಇನ್ನೊಬ್ಬಾಕಿ ಬಂದಳು. ಆಟ ನಡದೇ ಇತ್ತು, ಆಡೋರು ಮಾತ್ರ ಒಬ್ಬೊಬ್ಬರೇ ಒಳಗ ಹೋದ್ರು. ಯಾರೂ ಬೈಲಿಲ್ಲ, ಯಾರೂ ಬಡೀಲಿಲ್ಲ. ಅದು ಹಂಗೇ ಅಂತ ಎಲ್ಲರಿಗೂ ಗೊತ್ತಿತ್ತು.

ಮಾನಸೋಲ್ಲಾಸದ ಕೊನೀ ಭಾಗಕ್ಕ ಕ್ರೀಡೆಗಳ ಭಾಗ ಅಂತ ಹೆಸರು. ರಾಜ ತನ್ನ ರಾಣಿಯರ ಜೋಡಿ ಕೂಡಿ ಆಡೋ ಆಟಗಳ ಸುದ್ದಿ ಅಲ್ಲದ. ಒಂದೊಂದ ಹೆಸರು ಕೇಳ್ರಿ. ಆಂದೋಲನ ಕ್ರೀಡೆ ಅಂದ್ರ ಜೋಕಾಲಿ. ಜ್ಯೋತ್ಸ್ನಾ ಕ್ರೀಡೆ ಅಂದ್ರ ಬೆಳದಿಂಗಳ ಆಟ. ವಾಲುಕಾ ಕ್ರೀಡೆ ಅಂದ್ರ ಉಸುಕಿನ್ಯಾಗ ಆಡೋದು. ಶಾದ್ವಲ ಕ್ರೀಡೆ ಹಸರ ಹುಲ್ಲಿನ ಮ್ಯಾಲ. ಸಸ್ಯ ಕ್ರೀಡೆ ಬೆಳೆದ ಹೊಲದಾಗ. ತೋಯ ಕ್ರೀಡೆ ನೀರಾಗ. ಪಗಡಿ, ಕವಡಿ ಆಟಾನೂ ಅವ.

ಇವುಗಳೊಳಗ ಎಷ್ಟೋ ಆಟಕ್ಕ ಜಾಗದ್ದೇ ಹೆಸರು ನೋಡ್ರಿ. ಉಸುಕು, ಹುಲ್ಲು, ಹೊಲ, ನೀರು, ಬೆಳದಿಂಗಳು. ಇವು ಯಾವುವೂ ಗೌಂಡಿ ಬಂದು ಕಟ್ಟಿದ ಜಾಗ ಅಲ್ಲ. ಹೆಣ್ಮಕ್ಕಳು ಕೂಡಿದ ಆಟಕ್ಕ ಗ್ವಾಡಿ ಇರ್ಲಿಲ್ಲ, ದಿನ ಇತ್ತು. ಅದು ರಾಜರ ಮನ್ಯಾಗ ಅಷ್ಟ ಅಲ್ಲ, ನಮ್ಮ ಮನ್ಯಾಗೂ ಹಂಗೇ ನಡದು ಬಂದದ.

ಲೆಕ್ಕ ಹಾಕ್ರಿ. ಪಂಚಮಿ ಬಂತಂದ್ರ ಜೋಕಾಲಿ. ಬೇವಿನ ಗಿಡದ ದಪ್ಪ ಟೊಂಗಿಗೆ ಹಗ್ಗ, ತವರಿಗೆ ಬಂದ ಹೆಣ್ಮಕ್ಕಳು, ಅಳ್ಳು, ಅಳ್ಳಿಟ್ಟು, ಶೇಂಗಾ ಉಂಡಿ. ಸಣ್ಣವರ ಕೈಯಾಗ ದಾರ ಪೋಣಿಸಿದ ಕೊಬ್ಬರಿ ಬಟ್ಟಲ. ಎಳ್ಳ ಅಮಾಸಿ ಬಂತಂದ್ರ ಬುಟ್ಟಿ ಕಟ್ಟಿಕೊಂಡು ಹೊಲಕ್ಕ. ಚರಗ ಚೆಲ್ಲಿ, ಸಜ್ಜಿರೊಟ್ಟಿ, ಭಜ್ಜಿ ಉಂಡು, ಜ್ವಾಳದ ನಡುವ ಸಂಜಿ ತನಕ. ಅದು ನಮ್ಮ ಸಸ್ಯ ಕ್ರೀಡೆ. ಮಳಿ ಹಿಡದ ದಿನ ಪಡಸಾಲ್ಯಾಗ ಗಜಗ, ಹುಣಸಿ ಬೀಜ ತಿಕ್ಕಿ ಚೌಕಾಬಾರಾ. ನಮ್ಮ ಸ್ಫೇರಿಸ್ಟೀರಿಯಂ ಯಾವುದು ಅಂತ ಕೇಳಿದ್ರ ನಾ ಹೇಳ್ತೀನಿ, ಕಣ. ಸೆಗಣಿ ಸಾರಿಸಿ, ಗಟ್ಟಿ ಮಾಡಿ, ಸಪಾಟ ಮಾಡಿದ ದುಂಡಗಿನ ನೆಲ, ನಟ್ಟ ನಡುವ ಮೇಟಿ. ರಾಶಿ ಮನಿಗೆ ಹೋದ ಮ್ಯಾಲ ಆ ಬರಿದಾದ ಕಣದಾಗ ಬೆಳದಿಂಗಳ ರಾತ್ರಿ ಓಣಿ ಹುಡುಗ್ಯಾರೆಲ್ಲ ಕೂಡಿ ಆಡಿದ್ದು ನಿಮಗೂ ನೆಪ್ಪಿದ್ದೀತು. ಚೆಂಡು ಅಂದ್ರ ಅಂಗಡಿದಲ್ಲ. ಕೌದಿ ಹೊಲದು ಉಳಿದ ಚಿಂದಿ ಸುತ್ತಿ, ಮ್ಯಾಲ ಹಳೇ ಸೀರಿ ತುಂಡು ಹಾಕಿ ಅವ್ವ ಹೊಲದು ಕೊಟ್ಟ ಚೆಂಡು. ರೋಮಿನವರು ಕೂದಲ ತುಂಬ್ತಿದ್ರು, ನಮ್ಮ ಅವ್ವ ಚಿಂದಿ ತುಂಬ್ತಿದ್ಳು.

ಗೇಲನ್ ಅಂತ ಎರಡನೇ ಶತಮಾನದಾಗ ಒಬ್ಬ ದೊಡ್ಡ ವೈದ್ಯ ಇದ್ದ. ಸಣ್ಣ ಚೆಂಡಿನ ಆಟದ ಮ್ಯಾಲ ಅಂತಾನೇ ಒಂದು ಪುಸ್ತಕ ಬರದಾನ. ಅವನ ಮಾತಿನ ಸಾರ ಇಷ್ಟು. ಬ್ಯಾಟಿ ಆಡಬೇಕಂದ್ರ ಬಲಿ ಬೇಕು, ಕುದುರಿ ಬೇಕು, ನಾಯಿ ಬೇಕು, ಪುರಸೊತ್ತು ಬೇಕು, ರೊಕ್ಕ ಬೇಕು. ಚೆಂಡಿಗೆ ಏನೂ ಬ್ಯಾಡ. ಬಡವರಿಗೂ ಸಿಗ್ತದ. ಕಣ್ಣು, ಕೈ, ಕಾಲು, ಮನಸ್ಸು ಎಲ್ಲಾನೂ ದುಡೀತಾವ. ಮೆತ್ತಗ ಆಡಿದ್ರ ಮೆತ್ತಗ, ಜೋರ ಆಡಿದ್ರ ಜೋರ, ಮುದುಕರಿಗೂ ಮಕ್ಕಳಿಗೂ ಆಗ್ತದ. ಈ ಮಾತು ಸೋಮೇಶ್ವರನ ಕುದುರಿ ಬಯಲಿಗಿಂತ ನಮ್ಮ ಕಣಕ್ಕ ಹೆಚ್ಚು ಹೊಂದ್ತದ.

ಈಗ ಅವಾಗಿನ ಜಾಗ ಏನಾದ್ವು ನೋಡ್ರಿ. ನಾರಾಯಣಪುರ ಎಡದಂಡಿ ಕಾಲುವಿ ನೀರು ಬಂದ ಮ್ಯಾಲ ಸುರಪುರ, ಶಹಾಪುರ ಕಡಿ ಜ್ವಾಳದ ಎಷ್ಟೋ ಹೊಲ ನೆಲ್ಲಿನ ಗದ್ದಿ ಆದ್ವು. ನೀರು ಬಂದದ್ದು ಒಳ್ಳೇದೇ ಆತು, ಮನ್ಯಾಗ ಅನ್ನ ಆತು, ಮಕ್ಕಳ ಓದು ಆತು. ಆದ್ರ ಕೆಸರಗದ್ದ್ಯಾಗ ಸೀರಿ ಹಾಸಿ ಬುಟ್ಟಿ ಬಿಚ್ಚಲಿಕ್ಕೆ ಆಗೂದಿಲ್ಲ. ಕೊಯ್ಯೋ ಮಷಿನ್ ಹೊಲಕ್ಕೇ ಬಂದು ಕೊಯ್ದು, ಬಡದು, ಚೀಲ ತುಂಬಿಸಿ ಕೊಡ್ತದ, ಕಣ ಯಾರಿಗೆ ಬೇಕು? ಊರ ಬಾಜೂ ಇದ್ದ ಕಣಗಳು ಪ್ಲಾಟ ಆದ್ವು. ಬೇವಿನ ಗಿಡ ರಸ್ತಾ ಅಗಲ ಮಾಡೋದ್ರಾಗ ಹೋದ್ವು. ಪಂಚಮಿ ಜೋಕಾಲಿ ಬಾಗಲ ಚೌಕಟ್ಟಿನ ಕಬ್ಬಿಣದ ಕೊಂಡಿಗೆ ಬಂತು. ಗಂಡ್ಹುಡುಗರಿಗೆ ಸಾಲಿ ಮೈದಾನ ಅದ, ಸಂಜಿಗೆ ಕ್ರಿಕೆಟ್ ಅದ. ನಮ್ಮ ಹುಡುಗ್ಯಾರಿಗೆ ಮೊದಲೂ ಕೋಣಿ ಇರ್ಲಿಲ್ಲ, ಈಗ ಬಯಲೂ ಹೋತು. ಹೆಸರಿಟ್ಟ ಜಾಗ ಆಗಿದ್ರ, ಇದು ಹೋತು ಅಂತ ಯಾರಾದ್ರೂ ಕೇಳ್ತಿದ್ರು. ಹೆಸರಿಲ್ಲದ್ದು ಹೋದಾಗ ಯಾರೂ ಕೇಳೂದಿಲ್ಲ.

ನಮ್ಮ ಬಾಜೂಮನಿ ಅಕ್ಕನಿಗೆ ಸಕ್ಕರಿ ಬಂದದ. ಡಾಕ್ಟರ್ ದಿನಾ ಅರ್ಧಾ ತಾಸು ನಡೀರಿ ಅಂದಾರ. ಆಕಿ ನಸುಕಿನ ಐದಕ್ಕ, ಓಣಿ ಏಳೂದಕ್ಕಿಂತ ಮೊದಲ, ಮಾಳಿಗಿ ಮ್ಯಾಲ ಗ್ವಾಡಿ ಹಿಡಕೊಂಡು ಸುತ್ತತಾಳ. ರಸ್ತಾದಾಗ ನಡದ್ರ ಮಂದಿ ನೋಡ್ತಾರ ಅಂತಾಳ. ನಮ್ಮ ಅತ್ತಿಗೆ ಹೋದ ಪಂಚಮಿಗೆ ಮೊಮ್ಮಕ್ಕಳು "ಆಯಿ, ನೀ ಕೂಡು, ನಾವು ಜೀಕ್ತೀವಿ" ಅಂದ್ರ, "ಬ್ಯಾಡ್ರೆವ್ವಾ, ಈ ವಯಸ್ಸಿನ್ಯಾಗ ಮಂದಿ ನಗ್ತಾರ" ಅಂದ್ರು. ಕೈ ಮಾತ್ರ ಹಗ್ಗ ಬಿಟ್ಟಿರ್ಲಿಲ್ಲ. ಕಡೀಕ ಎರಡು ಹುಡುಗ್ಯಾರು ಹಿಡದು ಕೂಡಿಸಿಬಿಟ್ರು. ನಾಲ್ಕು ಜೀಕು ಜೀಕಿದ ಮ್ಯಾಲ ಅವರೇ "ಇನ್ನೊಂದ ನಾಕು" ಅಂದ್ರು.

ಈ ಸುದ್ದಿ ಬರಿಯೋ ಕಾರಣ ಹೇಳ್ತೀನಿ. ನಮ್ಮ ಊರುಗಳಾಗ ಈಗ ಎಲ್ಲೆಲ್ಲೂ ಮನಿ ಕಟ್ಟೋ ಕೆಲಸ ನಡದದ. ನಕಾಶಿ ಹಾಕುವಾಗ ಕಾರಿಗೆ ಜಾಗ ಬಿಡ್ತೀವಿ, ಮೋಟರ್ ಸೈಕಲ್ಲಿಗೆ ಬಿಡ್ತೀವಿ, ಸೋಫಾಕ್ಕ ಬಿಡ್ತೀವಿ. ನನ್ನ ತಂಗಿ ಮಗಳು ಶಹಾಪುರದಾಗ ಮನಿ ಕಟ್ಟಿಸ್ತಿದ್ದಾಗ ಗೌಂಡಿಗೆ, "ಹಿಂದ ಹಿತ್ತಲದಾಗ ಇಷ್ಟು ಜಾಗಕ್ಕ ಸಿಮೆಂಟ್ ಹಾಕಬ್ಯಾಡ, ಮಣ್ಣು ಇರಲಿ, ಒಂದು ಬೇವು ಹಚ್ತೀನಿ" ಅಂದಳು. "ಯಾತಕ್ಕ ಅಕ್ಕಾರ, ಜಾಗ ದಂಡ" ಅಂದ ಅವ. "ಆಡಲಿಕ್ಕೆ" ಅಂದಳು. ಅವ ಮಕ್ಕಳ ಸಲವಾಗಿ ಅಂತ ತಿಳಕೊಂಡ. ಆಕಿ ತನ್ನ ಸಲವಾಗಿ ಅಂದಿದ್ಳು. ಈಗ ಸಂಜಿಗೆ ಅಲ್ಲಿ ಆಕಿ, ಆಕಿ ಮಗಳು, ಬಾಜೂಮನಿ ಇಬ್ಬರು ಸೊಸ್ತೇರು ಶಟಲ್ ಆಡ್ತಾರ. ಬಲಿ ಇಲ್ಲ, ಹಳೇ ದುಪಟ್ಟಾ ಒಂದು ಅಡ್ಡ ಕಟ್ಯಾರ.

ಪ್ಲಿನಿಗೆ ಮಹಲ ಇತ್ತು, ಸೋಮೇಶ್ವರನಿಗೆ ರಾಜ್ಯ ಇತ್ತು. ನಮಗ ಅಷ್ಟೆಲ್ಲಾ ಬ್ಯಾಡ. ಹತ್ತು ಹೆಜ್ಜಿ ಜಾಗ, ಸಂಜಿ ಅರ್ಧಾ ತಾಸು ಸಾಕು. ಹಿತ್ತಲ ಇಲ್ಲದಿದ್ರ ಮಾಳಿಗಿ ಅದ, ಮಾಳಿಗಿ ಇಲ್ಲದಿದ್ರ ಗುಡಿ ಮುಂದಿನ ಕಟ್ಟಿ ಅದ. ನಾಕು ಮಂದಿ ಕೂಡಿ ಹೋದ್ರ ಯಾರೂ ಬಾಯಿ ತಗಿಯೂದಿಲ್ಲ. ನಸುಕಿನ್ಯಾಗ ಕದ್ದು ನಡಿಯೋ ಬದಲಿ ಸಂಜಿಗೆ ಕೂಡಿ ಆಡೂಣು ಅಂತ ಬಾಜೂಮನಿ ಅಕ್ಕನಿಗೂ ಹೇಳೀನಿ. ಬರೂ ಸೋಮವಾರದಿಂದ ಅಂದಾಳ.

ನಿಮ್ಮ ನಿಮ್ಮ ತವರೂರಾಗ ಹುಡುಗ್ಯಾರು ಕೂಡಿ ಆಡೋ ಜಾಗಕ್ಕ ಏನಂತ ಕರೀತಿದ್ರು? ಕಣ ಅಂತಿದ್ರೋ, ಬಯಲು ಅಂತಿದ್ರೋ, ಯಾವುದಾದ್ರೂ ಗಿಡದ ಹೆಸರು ಹೇಳ್ತಿದ್ರೋ? ಅವ್ವನ್ನ ಕೇಳ್ರಿ, ಆಯಿನ್ನ ಕೇಳ್ರಿ, ಕೇಳಿ ನನಗ ತಿಳಸ್ರಿ. ಒಂದೊಂದ ಹೆಸರು ಬರಕೊಂಡು ಇಡೂಣು.